ಗಾಲಿ ಬಿಗಿಯಾಯ್ತು, ನಾನು ಬ್ರೇಕ್ ಶೂಗೆ ಬೈದೆ

ಬಳ್ಳಾರಿ ಜಾಲಿ ಮುಳ್ಳಿನ ಬಗ್ಗೆ ನಮ್ಮೂರವರಿಗೆ ಹೇಳಬೇಕಿಲ್ಲ. ಊರಿನ ಹೆಸರನ್ನೇ ಹೊತ್ತುಕೊಂಡ ಗಿಡ ಅದು. ಪಂಚರ್ ಅಂಗಡಿಯವರ ಅರ್ಧ ಹೊಟ್ಟೆ ಅದರಿಂದಲೇ ತುಂಬುತ್ತೆ ಅನ್ನಬಹುದು.

ಕುರುಗೋಡು ಕಡೆಯ ಗೌಡ್ರೊಬ್ಬರು ನಮ್ಮ ಗ್ಯಾರೇಜಿಗೆ ಬಂದದ್ದೂ ಆ ಮುಳ್ಳಿನ ಸಿಟ್ಟಿನಲ್ಲೇ. ಗಾಡಿ 1989ರ ಯಮಹಾ ಆರ್‌ಎಕ್ಸ್ 100. ಹೊಲಕ್ಕೆ, ಸಂತೆಗೆ, ಬೀಗರ ಊರಿಗೆ ಎಲ್ಲಕ್ಕೂ ಅದೇ. "ಮೆಣಸಿನಕಾಯಿ ಹೊಲಕ್ಕ ಹೋದ್ರ ಸಾಕು, ಗಾಳಿ ಹೋಗಿರತೈತಿ. ಈ ಟ್ಯೂಬಿನ ಸಹವಾಸನೇ ಬ್ಯಾಡಪ್ಪ. ಮ್ಯಾಗ್ ವೀಲ್ ಹಾಕಿಬಿಡು. ವಿಂಟೇಜ್ ಗಾಡಿ ಇದು, ಹುಷಾರು" ಅಂದರು. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿ ಮಾತ್ರ ವಿಂಟೇಜ್. ಆರ್‌ಎಕ್ಸ್ ಮಾರುಕಟ್ಟೆಗೆ ಬಂದದ್ದೇ 1985ರಲ್ಲಿ. ಆದರೆ ಹಿರಿಯರು ಅಷ್ಟು ಅಭಿಮಾನದಿಂದ ಹೇಳುವಾಗ ಯಾಕೆ ಬಾಯಿ ಹಾಕೋದು ಅಂತ ಸುಮ್ನಿದ್ದೆ.

ಮ್ಯಾಗ್ ವೀಲ್ ಅಂದ್ರೆ ಸ್ಪೋಕಿಲ್ಲದ, ಒಂದೇ ಎರಕದ ಅಲಾಯ್ ಗಾಲಿ. ನನಗಂತೂ ಮನಸ್ಸಿರಲಿಲ್ಲ. ಆರ್‌ಎಕ್ಸ್‌ಗೆ ಕ್ರೋಮ್ ರಿಮ್ಮು, ಸ್ಪೋಕು ಇದ್ದರೇ ಚೆಂದ. ಆದರೂ ಗಾಡಿ ಅವರದು, ಪಂಚರ್ ಆದಾಗ ಬಿಸಿಲಲ್ಲಿ ತಳ್ಳುವವರೂ ಅವರೇ. ಮೊದಲು ಮುಂದಿನದು ಮಾತ್ರ ಮಾಡೋಣ ಅಂದೆ. ಹಿಂದಿನದರಲ್ಲಿ ಚೈನನ್ನು ನೇರಕ್ಕೆ ಕೂರಿಸೋ ತಂಟೆ ಜಾಸ್ತಿ.

ವೀಲ್ ಅವರೇ ಗುಜರಿಯಿಂದ ತಂದರು. ಯಾವುದೋ ಹೊಸ ಕಾಲದ ಬೈಕಿನದು, ಡ್ರಮ್ ಬ್ರೇಕ್ ಇರುವಂಥದ್ದು. ರಿಮ್ ಮೇಲೆ ಟ್ಯೂಬ್‌ಲೆಸ್ ಅಂತ ಅಚ್ಚಿತ್ತು. ಅದನ್ನು ನೋಡಿಯೇ ನಾನು ಒಪ್ಪಿದ್ದು. ಅಲಾಯ್ ಆದ ಮಾತ್ರಕ್ಕೆ ಟ್ಯೂಬ್ ಬೇಡ ಅಂತಲ್ಲ. ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಟೈರಿನ ಅಂಚು ಜಾರದಂತೆ ಒಂದು ಸಣ್ಣ ಏರು ಇರುತ್ತೆ. ಅದಿಲ್ಲದ ಅಲಾಯ್‌ಗಳೂ ಬೇಕಾದಷ್ಟಿವೆ.

ಗಾಲಿ ಸಲೀಸಾಗಿ ತಿರುಗೋದು ಬೇರಿಂಗ್ ಮೇಲೆ: ಒಳಗೊಂದು ರಿಂಗ್, ಹೊರಗೊಂದು ರಿಂಗ್, ನಡುವೆ ಉಕ್ಕಿನ ಗುಂಡುಗಳು. ಈ ವೀಲಿನ ಬೇರಿಂಗ್ ಮೇಲೆ 6202 ಅಂತಿತ್ತು. ಇದರ ಲೆಕ್ಕ ಸುಲಭ. ಕೊನೆಯ ಎರಡು ಅಂಕಿ ಒಳತೂತು ಹೇಳುತ್ತೆ: 01 ಅಂದ್ರೆ 12 ಎಂಎಂ, 02 ಅಂದ್ರೆ 15, 03 ಅಂದ್ರೆ 17. 04ರಿಂದ ಮುಂದೆ ಐದರಿಂದ ಗುಣಿಸಿದರೆ ಆಯ್ತು. ನಮ್ಮ ಆಕ್ಸಲ್ ಸಣ್ಣದು, ತೂತು ದೊಡ್ಡದು. ಆ ಸಂದು ತುಂಬೋಕೆ ಕೌಲ್ ಬಜಾರಿನ ಲೇತ್ ಚಾಚಾ ಹತ್ತಿರ ಬುಷ್ ಮಾಡಿಸಿದೆ. ಬ್ರೇಕ್ ಪ್ಲೇಟಿನ ಕಚ್ಚನ್ನು ಅರದಿಂದ ಉಜ್ಜಿ ಫೋರ್ಕಿನ ಗೂಟಕ್ಕೆ ಸರಿಯಾಗಿ ಕೂರಿಸಿದೆ. ಅದು ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟೇ ಗಾಲಿ ಜೊತೆ ತಿರುಗಿ ಸವಾರನನ್ನು ಎತ್ತಿ ಒಗೆಯುತ್ತೆ. ಇಷ್ಟರವರೆಗೆ ನನ್ನ ಕೆಲಸದಲ್ಲಿ ಲೋಪ ಇರಲಿಲ್ಲ.

ಹಬ್ಬಿನ ಒಳಗೆ, ಅಂದ್ರೆ ಗಾಲಿಯ ನಡುಭಾಗದಲ್ಲಿ, ಎರಡು ಬೇರಿಂಗ್‌ಗಳ ನಡುವೆ ಒಂದು ಪೈಪ್ ಇರುತ್ತೆ. ಸ್ಪೇಸರ್ ಅಂತೀವಿ. ಗುಜರಿ ವೀಲಿನಲ್ಲಿ ಅದು ಇರಲಿಲ್ಲ. ಹಳೆ ಆರ್‌ಎಕ್ಸ್ ಗಾಲಿಯದ್ದನ್ನು ತೆಗೆದು ಹಾಕಿದೆ. ಆಕ್ಸಲ್ ಸಲೀಸಾಗಿ ತೂರಿತು. ಉದ್ದ ಅಳೆಯಲಿಲ್ಲ. ಅಳೆಯುವ ವರ್ನಿಯರ್ ಪಕ್ಕದಲ್ಲೇ ಬಿದ್ದಿತ್ತು.

ನಟ್ ಬಿಗಿಯುವ ಮುಂಚೆ ಗಾಲಿ ಬೆಣ್ಣೆಯಂಗೆ ತಿರುಗಿತು. ಬಿಗಿದ ಮೇಲೆ ಒಂದು ಸುತ್ತು ಹೋಗಿ ನಿಂತುಬಿಟ್ಟಿತು. ಹೊಸ ಬ್ರೇಕ್ ಶೂ ಹಾಕಿದ್ದೆ ನೋಡಿ, ಅದೇ ಉಜ್ಜುತ್ತಿದೆ ಅಂದುಕೊಂಡೆ. ಬ್ರೇಕ್ ಸ್ವಲ್ಪ ಸಡಿಲ ಮಾಡಿದೆ. "ನಾಲ್ಕು ದಿನ ಓಡಿಸಿ ಗೌಡ್ರೇ, ಸೆಟ್ ಆಗುತ್ತೆ" ಅಂದೆ. ಮೆಕ್ಯಾನಿಕ್ಕುಗಳು ಆಡುವ ಸುಳ್ಳುಗಳಲ್ಲಿ ಇದು ದೊಡ್ಡದು. ಆಡುವಾಗ ನಮಗೂ ಸುಳ್ಳು ಅಂತ ಗೊತ್ತಿರಲ್ಲ.

ಇಪ್ಪತ್ತು ದಿನಕ್ಕೆ ಗೌಡ್ರು ವಾಪಸ್. "ಮುಂದಿನ ಗಾಲಿ ಬೀಸೋ ಕಲ್ಲಿನಂಗ ಗೊರ್ ಅಂತೈತಿ." ಹ್ಯಾಂಡಲ್ ಹಿಡಿದು ಗಾಲಿ ಅಲುಗಿಸಿದರೆ ಟಕಟಕ ಆಡುತ್ತಿತ್ತು. ಬಿಚ್ಚಿದೆ. ಒಂದು ಬೇರಿಂಗಿನಲ್ಲಿ ಗುಂಡುಗಳನ್ನು ಹಿಡಿದಿಡುವ ಕೇಜ್ ಚೂರಾಗಿತ್ತು. ಗ್ರೀಸ್ ಕಪ್ಪಗಾಗಿ, ಕಬ್ಬಿಣದ ಪುಡಿ ಸೇರಿ, ಬೆರಳಿಗೆ ಮರಳಿನಂತೆ ಹತ್ತುತ್ತಿತ್ತು. ಅದೇ ಗಾಲಿಯಲ್ಲಿ ಗೌಡ್ರು ಇಪ್ಪತ್ತೇಳು ಕಿಲೋಮೀಟರ್ ಬಂದಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತೆ.

ಬೇರಿಂಗನ್ನು ಚಾಚಾಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ರಿಂಗನ್ನು ಬೆಳಕಿಗೆ ಹಿಡಿದರು. ಗುಂಡುಗಳು ಓಡಿದ ಗುರುತು ರಿಂಗಿನ ತೋಡಿನ ನಡುವೆ ಇರಬೇಕಿತ್ತು. ಒಂದು ಅಂಚಿಗೆ ಹತ್ತಿಕೊಂಡಿತ್ತು. ಚಾಚಾ ಕೇಳಿದ್ದು ಒಂದೇ ಮಾತು: "ಪೈಪ್ ಎಲ್ಲಿಂದ ತಂದೀ ಬೇಟಾ?"

ಅಳೆದರೆ ಪೈಪ್ ಎರಡು ಎಂಎಂ ಗಿಡ್ಡ. ಹೊರಗಿನ ರಿಂಗ್ ಹಬ್ಬಿನ ಮೆಟ್ಟಿಲಿಗೆ ಒರಗಿ ಕೂತಿರುತ್ತೆ. ಒಳಗಿನ ರಿಂಗಿಗೆ ಆಸರೆ ಈ ಪೈಪ್ ಮಾತ್ರ. ಅದು ಗಿಡ್ಡ ಇದ್ದರೆ, ನಟ್ ಬಿಗಿದಷ್ಟೂ ಒಳರಿಂಗುಗಳು ಒಂದರ ಕಡೆಗೊಂದು ಜರಗಿ ಗುಂಡುಗಳನ್ನು ಪಕ್ಕಕ್ಕೆ ಅದುಮುತ್ತವೆ. ಗಾಲಿ ಬಿಗಿಯಾದದ್ದು ಅದಕ್ಕೆ. ಪಾಪದ ಬ್ರೇಕ್ ಶೂ ಏನೂ ಮಾಡಿರಲಿಲ್ಲ.

ಚಾಚಾ ಹೊಸ ಪೈಪ್ ಕಡೆದುಕೊಟ್ಟರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಎಷ್ಟಿದೆಯೋ ಅಷ್ಟು, ಮೇಲೆ ಕೂದಲೆಳೆಯಷ್ಟು ಜಾಸ್ತಿ. ಮೊದಲ ಬೇರಿಂಗನ್ನು ಮೆಟ್ಟಿಲಿಗೆ ತಾಗುವವರೆಗೆ ಹೊಡೆದೆ. ಪೈಪ್ ಇಳಿಸಿದೆ. ಎರಡನೆಯದನ್ನು ಅದರ ಒಳರಿಂಗ್ ಪೈಪಿಗೆ ಮುಟ್ಟುವವರೆಗೆ ಮಾತ್ರ ತಟ್ಟಿದೆ, ಅದೂ ಹೊರರಿಂಗಿನ ಅಳತೆಯ ಸಾಕೆಟ್ ಇಟ್ಟು. ನಟ್ ಪೂರ್ತಿ ಬಿಗಿದು ಗಾಲಿ ತಿರುಗಿಸಿದೆ. ಚಾ ತರಿಸಿ ಅರ್ಧ ಕುಡಿಯುವವರೆಗೂ ತಿರುಗುತ್ತಲೇ ಇತ್ತು ಅಂದರೆ ಬಂಡಲ್ ಆಗುತ್ತೆ, ಆದರೆ ಚೆನ್ನಾಗಿ ತಿರುಗಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಆದ ತಪ್ಪನ್ನೂ ಗೌಡ್ರಿಗೆ ಬಿಡಿಸಿ ಹೇಳಿದೆ. ಅವರು ಪೈಪನ್ನು ಕೈಯಲ್ಲಿ ಹಿಡಿದು, "ಇಷ್ಟಕ್ಕಾ?" ಅಂದರು.

ಹೋದ ವಾರ ಅವರದೇ ಫೋನು. ಮತ್ತೆ ಪಂಚರ್. ಎದೆ ಧಸಕ್ ಅಂತು. ಕೇಳಿದರೆ ಹಿಂದಿನ ಗಾಲಿಯಂತೆ, ಅದಿನ್ನೂ ಸ್ಪೋಕೇ. "ಅದಕ್ಕೂ ಮ್ಯಾಗ್ ವೀಲ್ ಹಾಕಿಬಿಡು, ಗುಜರಿಯಾಗ ಒಂದು ನೋಡೀನಿ" ಅಂದರು.

"ತನ್ನಿ ಗೌಡ್ರೇ. ಒಳಗಿನ ಪೈಪ್ ಐತೋ ಇಲ್ಲೋ ನೋಡಿಕೊಂಡು ತನ್ನಿ" ಅಂದೆ.