30 ಮೈಕ್ರಾನ್ ಸಂದನ್ನು ಅಳೆದ ದಿನ

ಫ್ರಿಜ್ಜಿನ ಕಂಪ್ರೆಸರ್ ಒಳಗಿನ ರೀಡ್ ವಾಲ್ವ್ ಅಂದರೆ ತೆಳ್ಳನೆಯ ಸ್ಟೀಲ್ ಪಟ್ಟಿ, ಅಷ್ಟೆ. ಒಂದು ತುದಿ ಬಿಗಿ, ಇನ್ನೊಂದು ತುದಿ ತೂತಿನ ಮೇಲೆ. ಒತ್ತಡ ಏರಿದರೆ ಬಾಗಿ ಮೇಲೇಳುತ್ತದೆ, ಇಳಿದರೆ ಸೀಟಿನ, ಅಂದರೆ ತೂತಿನ ಸುತ್ತಲಿನ ಮೇಲ್ಮೈಯ, ಮೇಲೆ ಬಂದು ಕೂರುತ್ತದೆ. 2900 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸಿಗುವುದು 20.7 ಮಿಲಿಸೆಕೆಂಡ್. ಆ ದಿನದ ಕೆಲಸ ಇಷ್ಟೇ: ರಾತ್ರಿ ಮುಗಿದಿದ್ದ ಓಪನ್‌ಫೋಮ್ (ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂತ್ರಾಂಶ) ರನ್ನಿನಲ್ಲಿ ರೀಡಿಗೂ ಸೀಟಿಗೂ ನಡುವೆ ಯಾವ ಕ್ಷಣದಲ್ಲಿ ಎಷ್ಟು ಸಂದಿತ್ತು ಎಂದು ಆ ಫಲಿತಾಂಶಗಳನ್ನು ತೆರೆದು ನೋಡುವ ಪ್ಯಾರಾವ್ಯೂ ತಂತ್ರಾಂಶದಲ್ಲಿ ಗ್ರಾಫ್ ತೆಗೆಯುವುದು. ಊಟದ ಹೊತ್ತಿಗೆ ಮುಗಿಯುತ್ತದೆ ಅಂದುಕೊಂಡದ್ದು ಸಂಜೆಯವರೆಗೆ ಎಳೆಯಿತು.

ಮೊದಲ ಗ್ರಾಫ್ ನೋಡಲು ಚೆನ್ನಾಗಿಯೇ ಇತ್ತು. ರೀಡ್ ಪೂರ್ತಿ ಎದ್ದಾಗ 1 ಮಿಮೀ ಆಸುಪಾಸು, ನಿರೀಕ್ಷೆಯಂತೆಯೇ. ಆದರೆ ಮುಚ್ಚಿದಾಗ ಸರಾಸರಿ ಸಂದು 0.1 ಮಿಮೀಗಿಂತ ಕೆಳಗೆ ಇಳಿಯಲೇ ಇಲ್ಲ. ಈ ಮಾದರಿಯಲ್ಲಿ ರೀಡ್ ಸೀಟನ್ನು ಪೂರ್ತಿ ಮುಟ್ಟುವುದಿಲ್ಲ ನಿಜ. ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸಣ್ಣ ಕೋಶಗಳ ಜಾಲವಾಗಿ (ಮೆಶ್) ಒಡೆದಿರುತ್ತದೆ. ಸಂದು ಸೊನ್ನೆಯಾದರೆ ನಡುವಿನ ಕೋಶಗಳು ಚಪ್ಪಟೆಯಾಗಿ, ಲೆಕ್ಕ ಮಾಡುವ ಸಾಲ್ವರ್ ಕುಸಿಯುತ್ತದೆ, ಅದಕ್ಕೇ 30 ಮೈಕ್ರಾನ್‌ಗೆ (0.03 ಮಿಮೀ) ತಡೆ ಹಾಕಿ, ಆ ಸಂದಿನಲ್ಲಿ ನಾಲ್ಕು ಪದರ ಕೋಶ ಇಟ್ಟಿರುತ್ತದೆ. ಹಾಗಾದರೆ ಓದಬೇಕಾದದ್ದು 0.03, ಬಂದದ್ದು 0.1.

ತಪ್ಪು ಅಳತೆಯ ವಿಧಾನದಲ್ಲಿತ್ತು. ಸ್ಕ್ರಿಪ್ಟ್ ಒಂದು ಮೇಲ್ಮೈಯ ನೋಡ್‌ನಿಂದ (ಮೆಶ್‌ನ ಮೂಲೆಬಿಂದು) ಇನ್ನೊಂದು ಮೇಲ್ಮೈಯ ಅತಿ ಹತ್ತಿರದ ನೋಡ್‌ಗೆ ದೂರ ಅಳೆಯುತ್ತಿತ್ತು. ಮೆಶ್ ಚೌಕ 0.25 ಮಿಮೀ. ಎದುರಿನ ನೋಡ್ ನೇರ ಮೇಲೆಯೇ ಇರಬೇಕೆಂದಿಲ್ಲ, ಹೆಚ್ಚೆಂದರೆ ಅರ್ಧ ಕರ್ಣದಷ್ಟು, ಅಂದರೆ 0.177 ಮಿಮೀ, ಪಕ್ಕಕ್ಕೆ ಸರಿದಿರಬಹುದು. ಸಂದು 1 ಮಿಮೀ ಇದ್ದಾಗ ಇದರಿಂದ ಅಳತೆ 1.016 ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಸಂದು 0.03 ಇದ್ದಾಗ ಅದೇ ಸರಿತದಿಂದ 0.179 ಆಗುತ್ತದೆ, ಆರು ಪಟ್ಟು. ವಾಲ್ವ್ ತೆರೆದಾಗ ತಾಳೆ ನೋಡಿ ‘ಸರಿಯಿದೆ’ ಅಂದವರೆಲ್ಲ ಮುಚ್ಚಿದಾಗ ಮೋಸ ಹೋಗುವುದು ಹೀಗೆ. ತೆಳು ಸಂದಿನ ಲ್ಯಾಮಿನಾರ್ (ಸುಳಿಯಿಲ್ಲದೆ ನಯವಾಗಿ ಹರಿಯುವ) ಸೋರಿಕೆ ಸಂದಿನ ಘನಕ್ಕೆ ಅನುಗುಣ: 10% ತಪ್ಪಿದರೆ ಸೋರಿಕೆ 33% ತಪ್ಪುತ್ತದೆ, ಆರು ಪಟ್ಟು ತಪ್ಪಿದರೆ ಇನ್ನೂರು ಪಟ್ಟು ದಾಟುತ್ತದೆ.

ಹಾಗಾಗಿ ನೋಡ್‌ನಿಂದ ನೋಡ್‌ಗಲ್ಲ, ನೋಡ್‌ನಿಂದ ತ್ರಿಕೋನಕ್ಕೆ ಅಳೆಯಬೇಕು. ಪ್ಯಾರಾವ್ಯೂನಲ್ಲಿ ರೀಡ್ ಮತ್ತು ಸೀಟಿನ ಪ್ಯಾಚ್‌ಗಳನ್ನು (ಹೆಸರಿಟ್ಟ ಮೇಲ್ಮೈ ಭಾಗಗಳು) ಎಕ್ಸ್‌ಟ್ರಾಕ್ಟ್ ಬ್ಲಾಕ್ ಫಿಲ್ಟರ್‌ನಿಂದ ಬೇರ್ಪಡಿಸಿ, ಎಕ್ಸ್‌ಟ್ರಾಕ್ಟ್ ಸರ್ಫೇಸ್, ಆಮೇಲೆ ತ್ರಿಕೋನಗಳಾಗಿ ಒಡೆಯುವ ಟ್ರಯಾಂಗ್ಯುಲೇಟ್. ಎರಡನ್ನೂ ನಾವೇ ಕೋಡ್ ಬರೆಯಬಹುದಾದ ಪ್ರೋಗ್ರಾಮೆಬಲ್ ಫಿಲ್ಟರ್‌ಗೆ ಕೊಟ್ಟು, ಒಳಗೆ ವಿಟಿಕೆಯ (ಪ್ಯಾರಾವ್ಯೂ ನಿಂತಿರುವ ಕೋಡ್ ಲೈಬ್ರರಿ) ಡಿಸ್ಟೆನ್ಸ್ ಪಾಲಿಡೇಟಾ ಫಿಲ್ಟರ್ ಕರೆದರೆ ಸಾಕು. ಅದರಲ್ಲಿ ದೂರಕ್ಕೆ ಪ್ಲಸ್ ಮೈನಸ್ ಚಿಹ್ನೆ ಹಾಕುವ ಸೈನ್ಡ್ ಡಿಸ್ಟೆನ್ಸ್ ತಾನಾಗಿಯೇ ಆನ್ ಇರುತ್ತದೆ, ಆಫ್ ಮಾಡಿ. ಸೀಟು ಮುಚ್ಚಿದ ಆಕಾರವಲ್ಲ, ಬರೀ ಹಾಳೆ. ಹಾಳೆಗೆ ಒಳಗು ಹೊರಗು ಇಲ್ಲ, ಅಂಚಿನ ಬಳಿ ಚಿಹ್ನೆ ಮನಸ್ಸಿಗೆ ಬಂದಂತೆ ತಿರುಗಿ ಸಂದು ಮೈನಸ್ ಆಗಿ ಕಾಣುತ್ತದೆ. ಇಷ್ಟನ್ನೂ ರೀಕನ್‌ಸ್ಟ್ರಕ್ಟ್ ಮಾಡಿದ, ಅಂದರೆ ಚೂರುಗಳನ್ನು ಮತ್ತೆ ಒಂದುಗೂಡಿಸಿದ, ಕೇಸಿನ ಮೇಲೆ ಓಡಿಸಿ. ಹಲವು ಪ್ರೊಸೆಸರ್‌ಗಳಿಗೆ ಹಂಚಿದ ಡೇಟಾದಲ್ಲಿ ಪ್ರತಿಯೊಂದೂ ತನ್ನ ಪಾಲಿನ ಸೀಟನ್ನಷ್ಟೇ ನೋಡುತ್ತದೆ, ಗಡಿಗಳಲ್ಲಿ ಸುಳ್ಳು ಸಂದು ಹುಟ್ಟುತ್ತದೆ.

ಯಾವ ಕಡೆಯಿಂದ ಅಳೆಯುವುದು? ರೀಡಿನಿಂದ ಸೀಟಿಗೆ ಮತ್ತು ಸೀಟಿನಿಂದ ರೀಡಿಗೆ ಅಳೆದರೆ ಉತ್ತರ ಒಂದೇ ಅಲ್ಲ. ನಮ್ಮ ತೂತಿನ ವ್ಯಾಸ 6 ಮಿಮೀ. ರೀಡಿನಲ್ಲಿ ತೂತಿನ ನಟ್ಟನಡುವೆ ಇರುವ ನೋಡ್‌ಗೆ ಸೀಟಿನ ಹತ್ತಿರದ ಬಿಂದು ಅಂದರೆ ತೂತಿನ ಅಂಚು, ಹಾಗಾಗಿ ಬಿಗಿಯಾಗಿ ಮುಚ್ಚಿದ್ದರೂ ಅಲ್ಲಿ 3 ಮಿಮೀ ತೋರಿಸುತ್ತದೆ. ಅದು ಸೇರಿದ ಸರಾಸರಿಗೆ ಅರ್ಥವೇ ಇಲ್ಲ. ಸೀಟಿನಿಂದಲೇ ಅಳೆಯುವುದು ಮೇಲು, ಅದೂ ತ್ರಿಜ್ಯ 3ರಿಂದ 3.5 ಮಿಮೀವರೆಗಿನ ಉಂಗುರದಿಂದ ಮಾತ್ರ. ಸೀಟು ಅಲುಗುವುದಿಲ್ಲ, ಅದರ ನೋಡ್ ಸಂಖ್ಯೆಗಳೂ ಬದಲಾಗುವುದಿಲ್ಲ, ಹೀಗಾಗಿ ಒಂದೇ ಬಿಂದುವಿನ ಸಂದನ್ನು ಇಡೀ ಸುತ್ತಿನುದ್ದಕ್ಕೂ ಹಿಂಬಾಲಿಸಬಹುದು. ನಡುವೆ ರೀಮೆಶಿಂಗ್ (ಮೆಶ್ ಹೊಸದಾಗಿ ಹೆಣೆಯುವುದು) ಆಗಿದ್ದರೆ ರೀಡಿನ ಕಡೆಯಿಂದ ಇದು ಸಾಧ್ಯವೇ ಇಲ್ಲ.

ನಾರ್ಮಲ್ ದಿಕ್ಕಿನಲ್ಲಿ, ಅಂದರೆ ಮೇಲ್ಮೈಗೆ ಲಂಬವಾಗಿ, ಕಿರಣ ಬಿಟ್ಟು ಅಳೆಯುವವರೂ ಇದ್ದಾರೆ. ಮೇಲ್ಮೈಗಳ ನಡುವೆ 3 ಡಿಗ್ರಿ ಓರೆ ಇದ್ದರೆ ಎರಡೂ ವಿಧಾನಕ್ಕೆ ವ್ಯತ್ಯಾಸ ಕಾಣದು, 30 ಡಿಗ್ರಿಯಾದರೆ ಕಿರಣದ ಅಳತೆ 15% ಹೆಚ್ಚು. ರೀಡಿಗೆ ಯಾವುದಾದರೂ ಸರಿ. ಪೆರಿಸ್ಟಾಲ್ಟಿಕ್ ಪಂಪಿನ (ಟ್ಯೂಬನ್ನು ಹಿಂಡಿ ದ್ರವ ತಳ್ಳುವ ಪಂಪು) ಹಿಂಡಿದ ಟ್ಯೂಬಿನಂಥದ್ದಕ್ಕೆ ಬೇರೆಯೇ ಎಚ್ಚರ ಬೇಕು: ಎದುರುಬದುರು ಗೋಡೆಗಳು ಒಂದೇ ಪ್ಯಾಚಿನಲ್ಲಿದ್ದರೆ ಪ್ರತಿ ಬಿಂದುವಿಗೂ ತಾನೇ ಹತ್ತಿರ, ದೂರ ಸೊನ್ನೆ.

ಮಧ್ಯಾಹ್ನದ ಗ್ರಾಫ್‌ನಲ್ಲಿ ತಳ 30 ಮೈಕ್ರಾನ್‌ಗೆ ಬಂತು. ಈ ತಳವೇ ಅಳತೆಗೋಲು, ಅದನ್ನು ಸರಿಯಾಗಿ ಓದದ ಸ್ಕ್ರಿಪ್ಟನ್ನು ಬೇರೆಲ್ಲೂ ನಂಬಬಾರದು. ಆದರೆ ರೇಖೆ ಮೆಟ್ಟಿಲು ಮೆಟ್ಟಿಲಾಗಿತ್ತು, ಮೆಟ್ಟಿಲಿಗೆ ಸರಿಯಾಗಿ 1 ಮೈಕ್ರಾನ್. ಮೊದಲು ಸಾಲ್ವರ್ ಮೇಲೆ ಅನುಮಾನ ಬಂತು, ಪಾಪ. ಓಪನ್‌ಫೋಮ್ ರನ್ನಿನ ಸೆಟ್ಟಿಂಗ್ ಕಡತವಾದ ಕಂಟ್ರೋಲ್‌ಡಿಕ್ಟ್ ತೆರೆದರೆ ಆಸ್ಕಿ (ಅಕ್ಷರ ರೂಪದ) ಫಾರ್ಮ್ಯಾಟ್, ರೈಟ್ ಪ್ರಿಸಿಷನ್ 6, ಅಂದರೆ ಸಂಖ್ಯೆಗೆ ಆರೇ ಅಂಕಿ. ಮಾದರಿಯ ಮೂಲಬಿಂದು ಕವಚದ ಮೂಲೆಯಲ್ಲಿತ್ತು, ವಾಲ್ವ್ ಅಲ್ಲಿಂದ 0.14 ಮೀಟರ್ ಆಚೆ. ಆರು ಅಂಕಿಗಳಲ್ಲಿ ಅಂಥ ನಿರ್ದೇಶಾಂಕ ಬರೆದರೆ ಕೊನೆಯ ಅಂಕಿ ಮೈಕ್ರಾನ್‌ನದ್ದು, ಅದರ ಕೆಳಗಿನದೆಲ್ಲ ಕತ್ತರಿ. ಬೈನರಿಯಲ್ಲಿ ಬರೆಸಬೇಕು, ಇಲ್ಲವೇ ಪ್ರಿಸಿಷನ್ 10 ಮಾಡಬೇಕು.

ಇನ್ನೊಂದು ಸಂಗತಿ, ರೀಡಿನ ಬಾಗುವಿಕೆಯನ್ನು ಲೆಕ್ಕ ಹಾಕುವ ಸ್ಟ್ರಕ್ಚರಲ್ ಸಾಲ್ವರ್ ಬಳಸುವವರಿಗೆ. ರೀಡನ್ನು ಶೆಲ್ ಆಗಿ (ದಪ್ಪವಿಲ್ಲದ ಹಾಳೆಯಂತೆ) ಮಾಡಿದ್ದರೆ ಅಲ್ಲಿಂದ ಬರುವುದು ನಡುಮೇಲ್ಮೈ. 0.2 ಮಿಮೀ ದಪ್ಪದ ಪಟ್ಟಿಯಾದರೆ 0.1 ಕಳೆಯಲೇಬೇಕು. ಬಿಂದುಗಳನ್ನು ಅವು ಚಲಿಸಿದಷ್ಟು ಸರಿಸಿ ತೋರಿಸುವ ವಾರ್ಪ್ ಬೈ ವೆಕ್ಟರ್ ಫಿಲ್ಟರ್ ಹಾಕುವಾಗ ಸ್ಕೇಲ್ ಫ್ಯಾಕ್ಟರ್ 1 ಇದೆಯೇ ನೋಡಿ, ಚಿತ್ರಕ್ಕಾಗಿ ಹಿಗ್ಗಿಸಿದ್ದು ಹಾಗೇ ಉಳಿದಿರುತ್ತದೆ.

ಹರಿವಿನ ಲೆಕ್ಕಕ್ಕೆ ಕನಿಷ್ಠ ಸಂದು ಒಂದೇ ಸಾಲದು. ರೀಡ್ ಓರೆಯಾಗಿ ಏಳುತ್ತದೆ, ತುದಿಯ ಕಡೆ 1.2 ಇದ್ದಾಗ ಬುಡದ ಕಡೆ 0.8. ತೂತಿನ ಅಂಚಿನ 18.85 ಮಿಮೀ ಸುತ್ತಳತೆಯುದ್ದಕ್ಕೂ ಸಂದನ್ನು ಇಂಟಿಗ್ರೇಟ್ ಮಾಡಿದರೆ ತೆರೆದ ವಿಸ್ತೀರ್ಣ ಸಿಗುತ್ತದೆ. ಸರಾಸರಿ ಸಂದು ವ್ಯಾಸದ ಕಾಲು ಭಾಗ, ಅಂದರೆ 1.5 ಮಿಮೀ, ದಾಟಿದ ಮೇಲೆ ಸಂದು ಎಷ್ಟಿದ್ದರೂ ತೂತೇ ಇಕ್ಕಟ್ಟು.

ಸಂಜೆಗೆ ಉಳಿದ ತೊಡಕು ಸಮಯದ್ದು. ಫಲಿತಾಂಶ ಸುತ್ತಿನ ಪ್ರತಿ 5 ಡಿಗ್ರಿಗೆ ಬರೆದಿತ್ತು, ಅಂದರೆ 0.29 ಮಿಲಿಸೆಕೆಂಡಿಗೆ ಒಂದು. ರೀಡ್ ಸೀಟಿಗೆ ಬಡಿದು ಪುಟಿಯುವುದು ಎರಡು ಫ್ರೇಮುಗಳ ನಡುವೆಯೇ ಜಾರಿಹೋಗಬಹುದು, ಇಂಟರ್‌ಪೊಲೇಷನ್ ಅದನ್ನು ವಾಪಸ್ ತಂದುಕೊಡುವುದಿಲ್ಲ. ಇಡೀ ಫೀಲ್ಡನ್ನು ಪದೇ ಪದೇ ಬರೆದರೆ ಡಿಸ್ಕ್ ತುಂಬುತ್ತದೆ. ಅದಕ್ಕೆ ಮುಂದಿನ ರನ್ನಿಗೆ ಸರ್ಫೇಸಸ್ ಫಂಕ್ಷನ್ ಆಬ್ಜೆಕ್ಟ್ (ಲೆಕ್ಕ ಓಡುತ್ತಿರುವಾಗಲೇ ಬೇಕಾದ ಮೇಲ್ಮೈಗಳನ್ನು ಬರೆದಿಡುವ ಓಪನ್‌ಫೋಮ್ ಸೌಲಭ್ಯ) ಸೇರಿಸಿ, ಆ ಎರಡು ಪ್ಯಾಚ್‌ಗಳನ್ನು ಮಾತ್ರ ಪ್ರತಿ ಟೈಮ್ ಸ್ಟೆಪ್‌ಗೆ ಬರೆಸುವಂತೆ ಮಾಡಿ ರನ್ ಹಚ್ಚಿದ್ದಾಯಿತು.