ಬಿಡುಗಡೆಯ ತಾರೀಖು ಕಾಯುವುದೂ ಸೈಬರ್ ಸೆಕ್ಯುರಿಟಿಯೇ

ಅಮೆರಿಕದ ಕೌಂಟಿ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ, ಆದರೆ ಎಲ್ಲರ ಮೇಲೊಬ್ಬ ಜಿಲ್ಲಾಧಿಕಾರಿ ಇರುವುದಿಲ್ಲ. ಜೈಲು ನೋಡಿಕೊಳ್ಳುವ ಶೆರಿಫ್, ಕೇಸು ನಡೆಸುವ ಪ್ರಾಸಿಕ್ಯೂಟರ್, ಕೋರ್ಟಿನ ಕಡತ ಇಟ್ಟುಕೊಳ್ಳುವ ಕ್ಲರ್ಕ್, ಇವರು ಬಹುತೇಕ ಕಡೆ ಬೇರೆಬೇರೆಯಾಗಿ ಚುನಾವಣೆ ಗೆದ್ದು ಬಂದವರು. ಸಾಫ್ಟ್‌ವೇರ್ ಕೂಡ ಅವರವರದ್ದೇ. ಇಷ್ಟು ಕಚೇರಿಗಳನ್ನು ದಾಟಿ ಬರುವ ಬಿಡುಗಡೆಯ ತಾರೀಖು ಸರಿಯಿದ್ದರೆ ಮನುಷ್ಯ ಮನೆಗೆ ಹೋಗುತ್ತಾನೆ, ತಪ್ಪಿದ್ದರೆ ಸೆಲ್ಲಿನಲ್ಲೇ ಉಳಿಯುತ್ತಾನೆ. ಕೌಂಟಿ ಐಟಿಯ ಕೆಲಸದಲ್ಲಿ ಮೊದಲು ಕಾಯಬೇಕಾದದ್ದು ಅದನ್ನು. ನೌಕರರ ಮಾಹಿತಿ ಸೋರದಂತೆ ನೋಡಿಕೊಳ್ಳುವುದು ಆಮೇಲಿನ ಮಾತು.

ಆನ್ ಆರ್ಬರ್ ಇರುವ ಮಿಷಿಗನ್ನಿನ ವಾಷ್ಟೆನಾ ಕೌಂಟಿಯಲ್ಲಿ 2017ರಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಒಬ್ಬ ವ್ಯಕ್ತಿ ಕೌಂಟಿಯ ವೆಬ್ ವಿಳಾಸವನ್ನೇ ಹೋಲುವ ಇನ್ನೊಂದು ವಿಳಾಸ ಮಾಡಿಸಿದ. ಹೆಸರಿನ ಕೊನೆಯ ‘ಡಬ್ಲ್ಯೂ’ ತೆಗೆದು ಆ ಜಾಗಕ್ಕೆ ಎರಡು ‘ವಿ’ ಹಾಕಿದ್ದ, ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆಮೇಲೆ ನೌಕರರಿಗೆ ಫೋನ್ ಮಾಡಿ, ಕೌಂಟಿಯಲ್ಲಿ ನಿಜವಾಗಿಯೂ ಇದ್ದ ಐಟಿ ಸಿಬ್ಬಂದಿಯ ಹೆಸರು ಹೇಳಿಕೊಂಡು, ಜೈಲಿನ ಸಾಫ್ಟ್‌ವೇರ್ ಅಪ್‌ಗ್ರೇಡ್ ಆಗಬೇಕು, ಈ ವಿಳಾಸದಿಂದ ಫೈಲ್ ಇಳಿಸಿಕೊಳ್ಳಿ ಎಂದ. ಹಾಗೆ ಒಳಗೆ ಬಂದವನು ಜೈಲಿನ ವ್ಯವಸ್ಥೆ ತಲುಪಿ, ಕನಿಷ್ಠ ಒಬ್ಬ ಕೈದಿಯ ದಾಖಲೆ ತಿದ್ದಿದ. ಸಿಬ್ಬಂದಿ ಬೇಗ ಗಮನಿಸಿದ್ದರಿಂದ ಯಾರೂ ಅವಧಿಗೆ ಮುಂಚೆ ಹೊರಬರಲಿಲ್ಲ. ಕೌಂಟಿಗೆ ಬಿದ್ದ ಖರ್ಚು 2,35,488 ಡಾಲರ್. ಕಂಪ್ಯೂಟರ್‌ಗಳನ್ನು ಅಳಿಸಿ ಮತ್ತೆ ಕಟ್ಟಬೇಕಾಯಿತು, ಹೆಚ್ಚುಕಡಿಮೆ ಪ್ರತಿಯೊಬ್ಬ ಕೈದಿಯ ದಾಖಲೆಯನ್ನೂ ಮತ್ತೆ ತಾಳೆ ನೋಡಬೇಕಾಯಿತು. ಒಂದು ದಾಖಲೆ ಕೆಟ್ಟಿದೆ ಎಂದು ಗೊತ್ತಾದ ಮೇಲೆ ಉಳಿದ ಯಾವುದನ್ನೂ ಹಾಗೇ ನಂಬುವಂತಿಲ್ಲ.

ಇಲ್ಲಿ ಎರಡು ಹಂತದ ಲಾಗಿನ್ ಒಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ, ಏಕೆಂದರೆ ಆಗಲೇ ಲಾಗಿನ್ ಆಗಿ ಕೂತ ನೌಕರರೇ ಫೈಲ್ ಓಡಿಸುತ್ತಾರೆ. ಅಪರಾಧ ನ್ಯಾಯದ ಮಾಹಿತಿ ನೋಡುವ ಎಲ್ಲರಿಗೂ ಎಫ್‌ಬಿಐ ನೀತಿಯ ಪ್ರಕಾರ 2024ರ ಅಕ್ಟೋಬರ್ 1ರಿಂದ ಎರಡು ಹಂತದ ಲಾಗಿನ್ ಕಡ್ಡಾಯ, ಇರಲೇಬೇಕು. ಈ ಬಗೆಯ ಮೋಸವನ್ನು ತಡೆಯುವುದು ಮಾತ್ರ ಬೇರೆ ಕ್ರಮಗಳು. ನೌಕರರ ಖಾತೆಗೆ ಅಡ್ಮಿನ್ ಹಕ್ಕು, ಅಂದರೆ ಕಂಪ್ಯೂಟರ್‌ನಲ್ಲಿ ಏನನ್ನಾದರೂ ಹಾಕುವ, ಬದಲಿಸುವ ಅಧಿಕಾರ, ಕೊಡಬಾರದು. ಒಪ್ಪಿಗೆಯಿಲ್ಲದ ಪ್ರೋಗ್ರಾಂ ಓಡಬಾರದು. ನೋಂದಣಿಯಾಗಿ 30 ದಿನ ಆಗದ ವೆಬ್ ವಿಳಾಸಗಳು ತೆರೆಯಬಾರದು. ಐಟಿಯಿಂದ ಯಾರೇ ಫೋನ್ ಮಾಡಲಿ, ಇಟ್ಟುಬಿಟ್ಟು, ಕಚೇರಿಯ ಪಟ್ಟಿಯಲ್ಲಿರುವ ನಂಬರಿಗೆ ತಾವೇ ತಿರುಗಿ ಮಾಡಬೇಕು. ಶೆರಿಫ್ ಫೋನ್ ಮಾಡಿದರೂ ಇದೇ ನಿಯಮ. ಇದರ ಜೊತೆಗೆ, ಸರ್ಕಾರಕ್ಕೆ ಮೀಸಲಾದ ‘ಡಾಟ್ ಗವ್’ ವಿಳಾಸ 2021ರ ಏಪ್ರಿಲ್‌ನಿಂದ ಸ್ಥಳೀಯ ಸರ್ಕಾರಗಳಿಗೆ ಪುಕ್ಕಟೆ. ದುಡ್ಡಿಲ್ಲ ಅನ್ನುವ ನೆಪ ಅಲ್ಲಿ ನಡೆಯುವುದಿಲ್ಲ.

ಭದ್ರತೆಯನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸುವಾಗ ಅನುಮತಿಯ ವಿಷಯದಲ್ಲಿ ಎಚ್ಚರ ಬೇಕು. ಅಯೋವಾದ ಡಲ್ಲಾಸ್ ಕೌಂಟಿಯಲ್ಲಿ 2019ರ ಸೆಪ್ಟೆಂಬರ್‌ನಲ್ಲಿ, ಒಳನುಗ್ಗಲು ಆಗುತ್ತದೆಯೇ ಎಂದು ನೋಡಲು ರಾಜ್ಯದ ನ್ಯಾಯಾಂಗವೇ ಗುತ್ತಿಗೆ ಕೊಟ್ಟು ಕಳಿಸಿದ್ದ ಇಬ್ಬರು ಪರೀಕ್ಷಕರು ರಾತ್ರಿ ಕೋರ್ಟ್ ಕಟ್ಟಡದಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಕಟ್ಟಡ ಕೌಂಟಿಯದು, ಅನುಮತಿ ಕೊಡಲು ರಾಜ್ಯಕ್ಕೆ ಹಕ್ಕಿಲ್ಲ ಎಂದು ಶೆರಿಫ್ ಪಟ್ಟು ಹಿಡಿದರು. ಕೇಸು ಬಿದ್ದುಹೋಗಲು 2020ರ ಜನವರಿ ಕೊನೆಯವರೆಗೆ ಕಾಯಬೇಕಾಯಿತು. ಹಾಗಾಗಿ ಅನುಮತಿ ಪತ್ರಕ್ಕೆ ಕಟ್ಟಡದ ಒಡೆಯರು, ನೆಟ್‌ವರ್ಕಿನ ಒಡೆಯರು, ಶೆರಿಫ್ ಮೂವರದೂ ಸಹಿ ಬೇಕು. ನಡುರಾತ್ರಿ ಫೋನ್ ಎತ್ತುವ ಒಬ್ಬರ ನಂಬರೂ ಅದರಲ್ಲಿರಬೇಕು.

ಇನ್ನು ಜಾಮೀನು ಸುಧಾರಣೆಯ ವಿಷಯ. ವಾಷ್ಟೆನಾದ ಪ್ರಾಸಿಕ್ಯೂಟರ್ ಎಲೈ ಸಾವಿಟ್ 2021ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಕೂಡಲೇ, ತಮ್ಮ ಕಚೇರಿ ಇನ್ನು ನಗದು ಜಾಮೀನು ಕೇಳುವುದಿಲ್ಲ ಎಂದರು. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್ 18ರಿಂದ ನಗದು ಜಾಮೀನನ್ನು ಪೂರ್ತಿ ತೆಗೆದೇ ಹಾಕಿತು. ದುಡ್ಡಿಲ್ಲದ ಕಾರಣಕ್ಕೆ ಯಾರೂ ಒಳಗೆ ಕೊಳೆಯಬಾರದು ಎಂಬುದು ನ್ಯಾಯವಾದ ಮಾತು. ಐಟಿಗೆ ಇದರಿಂದ ಬಂದ ಬದಲಾವಣೆ ಗಡಿಯಾರದ್ದು. ಇಲಿನಾಯ್‌ನಲ್ಲಿ ಬಂಧನವಾಗಿ 48 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಒಳಗೇ ಇಡಬೇಕೆಂದು ಪ್ರಾಸಿಕ್ಯೂಟರ್ ಕೇಳಿದರೆ ಅದರ ವಿಚಾರಣೆ, ಆರೋಪದ ತೂಕ ನೋಡಿ, ಆ ಮೊದಲ ಹಾಜರಿಯಿಂದ 24 ಅಥವಾ 48 ಗಂಟೆಯೊಳಗೆ ನಡೆಯಬೇಕು. ತೆರಿಗೆ ಕಚೇರಿಯ ಸರ್ವರ್ ಎರಡು ದಿನ ಮಲಗಿದರೆ ಜನ ಬೈದುಕೊಂಡು ನಾಳೆ ಬರುತ್ತಾರೆ. ಜೈಲು-ಕೋರ್ಟಿನ ಸರ್ವರ್ ಎರಡು ದಿನ ಮಲಗಿದರೆ ಕಾನೂನಿನ ಗಡುವೇ ಮೀರುತ್ತದೆ.

ಹ್ಯಾಕರ್ ಇಲ್ಲದೆಯೂ ದಾಖಲೆ ಕೆಡುತ್ತದೆ. ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿ ಕೋರ್ಟು 2016ರ ಆಗಸ್ಟ್‌ನಲ್ಲಿ ಹೊಸ ಸಾಫ್ಟ್‌ವೇರ್‌ಗೆ ಬದಲಾದ ಮೇಲೆ, ದಾಖಲೆ ಸರಿಯಿಲ್ಲದೆ ಜನ ತಪ್ಪಾಗಿ ಬಂಧನವಾಗುತ್ತಿದ್ದಾರೆ, ಹೆಚ್ಚು ಹೊತ್ತು ಒಳಗಿರುತ್ತಿದ್ದಾರೆ ಎಂದು ವಕೀಲರನ್ನು ಇಡಲು ದುಡ್ಡಿಲ್ಲದ ಆರೋಪಿಗಳ ಪರ ವಾದಿಸುವ ಅಲ್ಲಿನ ಪಬ್ಲಿಕ್ ಡಿಫೆಂಡರ್ ಕಚೇರಿಯೇ ಕೋರ್ಟ್ ಮೆಟ್ಟಿಲೇರಿತು. ಇಂಥ ತಪ್ಪಿನ ಬೇರು ಸಾಮಾನ್ಯವಾಗಿ ನಂಬರುಗಳಲ್ಲಿರುತ್ತದೆ. ಜೈಲು ಬುಕಿಂಗ್ ನಂಬರಿನಿಂದ (ಒಳಗೆ ಸೇರಿಸಿಕೊಳ್ಳುವಾಗ ಕೊಡುವ ನಂಬರು) ಹುಡುಕುತ್ತದೆ, ಕೋರ್ಟು ಕೇಸ್ ನಂಬರಿನಿಂದ ಹುಡುಕುತ್ತದೆ, ರಾಜ್ಯದ ಪೊಲೀಸರು ಬೆರಳಚ್ಚಿಗೆ ಕಟ್ಟಿದ ಗುರುತಿನ ನಂಬರಿನಿಂದ. ಒಬ್ಬನ ಮೇಲೆ ಮೂರು ಕೇಸಿದ್ದು, ಒಂದರಲ್ಲಿ ಬಿಡುಗಡೆಯ ಆದೇಶ ಬಂದು, ಇನ್ನೊಂದರಲ್ಲಿ ವಾರಂಟ್ ರದ್ದಾದದ್ದು ಜೈಲಿಗೆ ತಲುಪದಿದ್ದರೆ ಅವನು ಅಲ್ಲೇ ಕೂತಿರುತ್ತಾನೆ. ಹೆಸರಿನ ಮೇಲೆ ತಾಳೆ ಹಾಕುವುದಂತೂ ಕೂಡದು. ಬೆರಳಚ್ಚಿನ ನಂಬರು, ಹುಟ್ಟಿದ ದಿನ ಎರಡೂ ಕೂಡಬೇಕು.

ಪ್ರತಿ ಶಿಫ್ಟಿನಲ್ಲಿ ಎರಡು ಪಟ್ಟಿ ತೆಗೆಯಬೇಕು. ಮೊದಲನೆಯದು, ಮುಂದಿನ 72 ಗಂಟೆಯಲ್ಲಿ ಹೊರಹೋಗಬೇಕಾದವರದು. ಎದುರಿಗೆ ಕೋರ್ಟ್ ಆದೇಶದ ನಂಬರು ಇಲ್ಲದ ಹೆಸರು ಕಂಡರೆ ಅಲ್ಲೇ ತಡೆದು ವಿಚಾರಿಸಬೇಕು. ಎರಡನೆಯದನ್ನು ಬಹಳ ಕಡೆ ತೆಗೆಯುವುದೇ ಇಲ್ಲ, ನನಗದೇ ಮುಖ್ಯ: ಕೋರ್ಟಿನ ತಾರೀಖು ದಾಟಿದೆ, ಮುಂದಿನ ತಾರೀಖಿಲ್ಲ, ಆದೇಶವೂ ಇಲ್ಲ, ಆದರೂ ಒಳಗಿದ್ದಾರೆ, ಅಂಥವರದು. ಅದು ದಿನಾ ಬೆಳಿಗ್ಗೆ ಡಿಫೆಂಡರ್ ಕಚೇರಿಗೂ ಹೋಗಬೇಕು, ಆ ಮನುಷ್ಯನ ಪರವಾಗಿ ಕೇಳುವವರು ಅವರೇ. ತಾರೀಖನ್ನು ಯಾರು ಯಾವಾಗ ತಿದ್ದಿದರು ಎಂಬ ಲಾಗ್ ಕೂಡ ಬರೀ ಅಪ್ಲಿಕೇಶನ್‌ನಲ್ಲಿದ್ದರೆ ಪ್ರಯೋಜನವಿಲ್ಲ. ಯಾರಾದರೂ ನೇರವಾಗಿ ಡೇಟಾಬೇಸ್ ಟೇಬಲ್ಲಿಗೆ ಕೈ ಹಾಕಿದರೆ ಅಪ್ಲಿಕೇಶನ್ನಿಗೆ ಸುಳಿವೇ ಸಿಗದು. ಡೇಟಾಬೇಸ್‌ನಲ್ಲೇ ಟ್ರಿಗರ್ (ಬದಲಾವಣೆಯಾದ ಕೂಡಲೇ ತಾನಾಗಿ ಓಡುವ ಕಟ್ಟಳೆ) ಇಟ್ಟು, ಜೈಲಿನ ಅಡ್ಮಿನ್‌ಗಳು ಅಳಿಸಲಾಗದ ಬೇರೆ ಸರ್ವರಿಗೆ ಲಾಗ್ ಕಳಿಸಬೇಕು.

ಸರ್ವರ್ ಮಲಗುವುದು ಅಪರೂಪದ ಮಾತಲ್ಲ. 2023ರ ಅಕ್ಟೋಬರ್ 12ರ ದಾಳಿಯಿಂದ ಕ್ಯಾನ್ಸಸ್ ರಾಜ್ಯದ ಕೋರ್ಟುಗಳು ವಾರಗಟ್ಟಲೆ ಕಾಗದಕ್ಕೆ ಮರಳಿದವು. ಆಗ ಪ್ರತ್ಯೇಕ ವ್ಯವಸ್ಥೆ ಇಟ್ಟುಕೊಂಡಿದ್ದ ಜಾನ್ಸನ್ ಕೌಂಟಿ ಮಾತ್ರ ಬಚಾವಾಯಿತು. 2024ರ ಜನವರಿ ಕೊನೆಯಲ್ಲಿ ಜಾರ್ಜಿಯಾದ ಫುಲ್ಟನ್ ಕೌಂಟಿಯ ಫೋನು, ಕೋರ್ಟು, ತೆರಿಗೆ ವ್ಯವಸ್ಥೆಗಳು ಒಟ್ಟಿಗೇ ನಿಂತವು. ಆದ್ದರಿಂದ ಜೈಲಿನ ಪೂರ್ತಿ ಪಟ್ಟಿ ಆರು ಗಂಟೆಗೊಮ್ಮೆ ಕಾಗದದ ಮೇಲೆ ಬರಬೇಕು. ಪುಟಕ್ಕೆ 20 ಹೆಸರಾದರೆ 500 ಜನರ ಜೈಲಿಗೆ 25 ಪುಟ. ಫೋಟೋ, ಮೂರೂ ನಂಬರು, ಮುಂದಿನ ಕೋರ್ಟ್ ದಿನ, ಬೇರೆ ಕೇಸಿನ ತಡೆ, ಔಷಧಿಯ ವಿವರ ಅದರಲ್ಲಿರಲಿ. ಒಂದು ಪ್ರತಿ ಬುಕಿಂಗ್ ಮೇಜಿಗೆ, ಇನ್ನೊಂದು ಶಿಫ್ಟ್ ಅಧಿಕಾರಿಗೆ.

ವ್ಯವಸ್ಥೆ ಮತ್ತೆ ಎದ್ದಾಗ ಆಗುವ ಅನಾಹುತವೇ ಹೆಚ್ಚು. ನಿಂತಿದ್ದಾಗ ಕ್ಯೂನಲ್ಲಿ ಸಿಕ್ಕಿಕೊಂಡ, ಕೋರ್ಟಿನಿಂದ ಜೈಲಿಗೆ ಹೋಗಬೇಕಿದ್ದ ಹಳೆಯ ಸಂದೇಶಗಳು ಒಮ್ಮೆಗೇ ನುಗ್ಗುತ್ತವೆ. ಕೈಯಲ್ಲಿ ನಮೂದಿಸಿದ್ದ ಇವತ್ತಿನ ಬಿಡುಗಡೆಯ ಆದೇಶದ ಮೇಲೆ ಮೊನ್ನೆಯ ‘ಒಳಗಿಡಿ’ ಬಂದು ಕೂರುತ್ತದೆ. ಕೋರ್ಟ್-ಜೈಲು ಕೊಂಡಿಯನ್ನು ಬಂದ್ ಇಟ್ಟೇ ಸರ್ವರ್ ಎಬ್ಬಿಸಿ. ಕಾಗದದ ಆದೇಶಗಳನ್ನು ಕೈಗೆ ಬಂದ ಹೊತ್ತಿನ ಮೇಲಲ್ಲ, ನ್ಯಾಯಾಧೀಶರು ಸಹಿ ಮಾಡಿದ ಹೊತ್ತಿನ ಮೇಲೆ ಜೋಡಿಸಿ. ಬಿಡುಗಡೆಗಳು ಮೊದಲು ಹೋಗಲಿ, ಒಬ್ಬರು ನಮೂದಿಸಲಿ, ಇನ್ನೊಬ್ಬರು ಓದಿ ಹೇಳಲಿ. ಕ್ಯೂನಲ್ಲಿರುವ ಸಂದೇಶಗಳ ಪೈಕಿ, ಅದೇ ಕೇಸಿನಲ್ಲಿ ಅದಕ್ಕಿಂತ ಹೊಸ ಆದೇಶ ಇರುವವನ್ನು ಬದಿಗಿಡಿ. ಬ್ಯಾರಕ್ಕಿಗೆ ಹೋಗಿ ತಲೆ ಎಣಿಸಿ, ಎಣಿಕೆ ಪರದೆಯ ಪಟ್ಟಿಗೆ ಹೊಂದಿದ ಮೇಲೆಯೇ ಕೊಂಡಿ ತೆರೆಯಿರಿ.