ಮಲಗಿದವರ ಕಣ್ಣಿಗೆ ಕಾಣುವ ಕಾವಿ ಚಿತ್ರ: ವಾಸ್ಕೋ ಮನೆಯ ಗೋಡೆ ಕೆಲಸ ಎಲ್ಲಿಗೆ ಬಂತು

ಜನವರಿ, ಮೂರನೇ ವಾರ

ಮಲಗುವ ಕೋಣೆಗೆ ಒಂದು ದೊಡ್ಡ ಚಿತ್ರ ಬೇಕೆಂದು ಎರಡು ವರ್ಷದಿಂದ ಮಾತಾಡುತ್ತಲೇ ಇದ್ದೆವು. ಈ ಭಾನುವಾರ ಟೇಪು ಹಿಡಿದು ಅಳತೆ ತೆಗೆದೇಬಿಟ್ಟೆ. ಕೋಣೆ 11 ಅಡಿ ಅಗಲ, 12 ಅಡಿ ಉದ್ದ. ಮಂಚ 5 ಅಡಿ ಅಗಲ, ತಲೆ ದಕ್ಷಿಣಕ್ಕೆ. ಕಿಟಕಿ ಪೂರ್ವಕ್ಕಿದೆ. ಪಶ್ಚಿಮದ್ದು ಮಳೆ ಹೊಡೆಯುವ ಗೋಡೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಗಸ್ಟ್‌ನಲ್ಲಿ ಆ ಗೋಡೆಗೆ ಕೈ ಇಟ್ಟರೆ ತಣ್ಣಗೆ ಅಂಟುತ್ತದೆ, ಬಣ್ಣ ಬೊಬ್ಬೆ ಬೊಬ್ಬೆಯಾಗಿ ಏಳುತ್ತದೆ. ಅಲ್ಲಿ ಏನೂ ತೂಗುಹಾಕುವಂತಿಲ್ಲ.

ಉಳಿದದ್ದು ಎರಡು: ತಲೆಯ ಮೇಲಿನ ದಕ್ಷಿಣದ ಗೋಡೆ, ಕಾಲಿನ ಕಡೆಯ ಉತ್ತರದ ಗೋಡೆ. ಎಲ್ಲರೂ ಹಾಕುವುದು ತಲೆಯ ಮೇಲೇ. ನಾವೂ ಹಳೆಯ ಪೇಪರುಗಳನ್ನು ಜೋಡಿಸಿ ಅಂಟಿಸಿ, ಅಲ್ಲೇ ಹಚ್ಚಿ ನೋಡಿದೆವು. ಮಂಚದ ಅಗಲದ ಮೂರರಲ್ಲಿ ಎರಡು ಪಾಲಾದರೂ ಚಿತ್ರ ಇರಬೇಕು ಎಂಬುದು ಒಳಾಂಗಣ ಕೆಲಸದವರ ಲೆಕ್ಕ. 3 ಅಡಿಯದ್ದು ಕ್ಯಾಲೆಂಡರಿನ ಹಾಗೆ ಕಂಡಿತು, 4 ಅಡಿಯದ್ದು ಸರಿಯೆನಿಸಿತು. ಬಾಗಿಲಲ್ಲಿ ನಿಂತು ನೋಡಿ ನಾನು ಖುಷಿಪಟ್ಟೆ. ಹೆಂಡತಿ ಮಂಚದ ಮೇಲೆ ಮಲಗಿ ಕೇಳಿದಳು: "ಇದು ಬಾಗಿಲಲ್ಲಿ ನಿಂತವರಿಗಾ, ಮಲಗಿದವರಿಗಾ?"

ನಾನೂ ಪಕ್ಕದಲ್ಲಿ ಮಲಗಿದೆ. ಪೇಪರು ಕಾಣಲೇ ಇಲ್ಲ. ದಿನಕ್ಕೆ ಎಂಟು ತಾಸು ಇರುವ ಕೋಣೆಯಲ್ಲಿ ನಮಗೇ ಕಾಣದ ಕಡೆ ಚಿತ್ರ ಯಾಕೆ? ಅಲ್ಲದೆ, ನಿದ್ದೆ ಮಾಡುವ ತಲೆಯ ಮೇಲೆ ಹತ್ತಿಪ್ಪತ್ತು ಕಿಲೋ ತೂಗುಹಾಕಲು ನನಗೆ ಮೊದಲಿಂದಲೂ ಮನಸ್ಸಿರಲಿಲ್ಲ. ಉತ್ತರದ ಗೋಡೆಯೇ ಆಯಿತು. ಅದರ ಆಚೆ ನಮ್ಮದೇ ಹಾಲ್, ಹಾಗಾಗಿ ಬೇಸಿಗೆ ಮಳೆಗಾಲ ಎರಡರಲ್ಲೂ ಒಣಗಿರುತ್ತದೆ.

ಫೆಬ್ರವರಿ

ಏನು ಹಾಕುವುದು? ಮಡಗಾಂವ್, ಪಣಜಿ ಎರಡೂ ಸುತ್ತಿದೆವು. ದೊಡ್ಡ ಕ್ಯಾನ್ವಾಸ್ ಪ್ರಿಂಟುಗಳು ಚೆನ್ನಾಗಿಯೇ ಇದ್ದವು, ಆದರೆ ಯಾವುದೂ ಮನೆಗೆ ತರಬೇಕೆನಿಸಲಿಲ್ಲ. ಇಲ್ಲಿನ ಮಳೆಗಾಲದಲ್ಲಿ ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಹಿಡಿಯುವುದನ್ನು ಗೆಳೆಯರ ಮನೆಯಲ್ಲಿ ನೋಡಿದ್ದೇನೆ. ಗಾಜಿನ ಫ್ರೇಮ್ ಹಾಕಿದರೆ ಪೂರ್ವದ ಕಿಟಕಿ ಇಡಿಯಾಗಿ ಅದರಲ್ಲೇ ಹೊಳೆಯುತ್ತದೆ.

ಒಂದು ಶನಿವಾರ ಮೊರ್ಜಿಯ ಮೊರ್ಜಾಯಿ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಕಾವಿ ಚಿತ್ರಗಳಿವೆ. ನಮ್ಮ ಕುಮಟೆ ಕಡೆ ಚಿಕ್ಕಂದಿನಲ್ಲಿ ಗುಡಿಗೋಡೆಯ ಮೇಲೆ ನೋಡಿದ್ದೆ, ಹೆಸರು ಗೊತ್ತಿರಲಿಲ್ಲ. ಗೋವಾದಿಂದ ಕಾರವಾರ, ಅಂಕೋಲೆ, ಗೋಕರ್ಣ, ಭಟ್ಕಳದವರೆಗೆ ಇದು ಒಂದೇ ಕರಾವಳಿಯ ಕಲೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ತೆಳುವಾದ ಪದರ ಬಳಿದು, ಹಸಿ ಇರುವಾಗಲೇ ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಬಿಳಿ ಏಳುತ್ತದೆ, ಬಿಟ್ಟಲ್ಲಿ ಕೆಂಪು ಉಳಿಯುತ್ತದೆ. ಇದಕ್ಕೆ ಕುಂಚ ಬೇಕಿಲ್ಲ. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ಊರೂರು ಅಲೆದು ಇವುಗಳ ಫೋಟೋ ತೆಗೆದು ದಾಖಲಿಸಿದ್ದರಿಂದ ನಮಗೆ ಇಷ್ಟಾದರೂ ಗೊತ್ತಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಗುಡಿಗಳ ಕಾವಿ ಗೋಡೆ ಒಡೆದು ಟೈಲ್ಸ್ ಹಾಕಿದ್ದಾರೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ವಾಪಸು ಬರುವಾಗ ಕಾರಿನಲ್ಲೇ ತೀರ್ಮಾನವಾಯಿತು, ಇದನ್ನೇ ಮಾಡುವುದು ಎಂದು. ಸುಣ್ಣದ ಕ್ಷಾರಗುಣಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಮೈ ಹೊಳೆಯುವುದೂ ಇಲ್ಲ.

ಆಯಿಗೆ ಫೋನಿನಲ್ಲಿ ಹೇಳಿದೆ. ಗರುಡ, ಹನುಮಂತ ಬರೆಯುತ್ತೇನೆ ಅಂದಾಗ, "ಕಾಲು ಯಾವ ಕಡೆ ಬರ್ತದೆ?" ಎಂದು ಕೇಳಿದಳು. ಉತ್ತರಕ್ಕೆ ಅಂದೆ. "ದೇವರ ಕಡೆ ಕಾಲು ಚಾಚಿ ಮಲಗ್ತೀಯಾ?" ಅಷ್ಟು ಹೊತ್ತೂ ಅದು ನನಗೆ ಹೊಳೆದೇ ಇರಲಿಲ್ಲ. ಬಳ್ಳಿ, ತಾವರೆ, ಎರಡು ನವಿಲು ಸಾಕೆಂದು ಅಲ್ಲೇ ಬದಲಿಸಿದೆ. ಕಾವಿಯಲ್ಲಿ ಅವಕ್ಕೇನೂ ಕೊರತೆಯಿಲ್ಲ.

ಗಾತ್ರ: ಗೋಡೆಯ ಪಶ್ಚಿಮದ ತುದಿಯಲ್ಲಿ ಬಾಗಿಲು ಹೋಗಿ 8 ಅಡಿ ಉಳಿಯುತ್ತದೆ. 60 ಇಂಚು ಅಗಲ, 30 ಇಂಚು ಎತ್ತರ ಇಟ್ಟುಕೊಂಡೆ. ತೂಕ ಲೆಕ್ಕ ಹಾಕಿದರೆ ಬೋರ್ಡು, ಗಾರೆ, ಚೌಕಟ್ಟು ಸೇರಿ ಸುಮಾರು 25 ಕಿಲೋ. ಒಬ್ಬನೇ ಎತ್ತಲಾಗದು, ದೊಡ್ಡ ಗಾರೆ ಬಿರುಕು ಬಿಡುವುದೂ ಜಾಸ್ತಿ. 20 ಇಂಚಿನ ಮೂರು ತುಂಡು ಮಾಡಿದೆ, ನಡುವೆ ಒಂದೂವರೆ ಇಂಚು ಬಿಡುವು. ಬಳ್ಳಿ ಒಂದರಿಂದ ಇನ್ನೊಂದಕ್ಕೆ ದಾಟಿ ಹೋಗುತ್ತದೆ.

ಮಾರ್ಚ್

ಸೋತ ತಿಂಗಳು. ಮೊದಲ ಪ್ರಯೋಗ 12 ಎಂಎಂ ಪ್ಲೈವುಡ್ ಮೇಲೆ. ಗಾರೆಯ ನೀರು ಕುಡಿದು ಪ್ಲೈ ಉಬ್ಬಿತು, ಒಣಗಿದಾಗ ಕುಗ್ಗಿತು, ಮೂರನೇ ದಿನ ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಆಮೇಲೆ 8 ಎಂಎಂ ಸಿಮೆಂಟ್ ಬೋರ್ಡ್ ತಂದು, ಗರಗಸದ ಬ್ಲೇಡಿನಿಂದ ಮೈತುಂಬ ಗೀರಿ, ನೀರು ಚಿಮುಕಿಸಿ ಬಳಿದೆ. ಅದು ಹಿಡಿಯಿತು.

ಸುಣ್ಣದ್ದೂ ಒಂದು ಕಥೆ. ಒಂದು ಅಂಗಡಿಯಲ್ಲಿ ಸುಟ್ಟ ಸುಣ್ಣವೆಂದು ಕೊಟ್ಟ ಚೀಲವನ್ನು ನೀರಿಗೆ ಹಾಕಿದರೆ ಬಿಸಿಯೇ ಏರಲಿಲ್ಲ. ಒಳ್ಳೆಯ ಸುಟ್ಟ ಸುಣ್ಣ ನೀರು ಬಿದ್ದೊಡನೆ ಕೊತಕೊತ ಕುದಿಯಬೇಕು. ಹಳೆಯದಾದರೆ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡು ಚೀಲದಲ್ಲೇ ಸತ್ತುಹೋಗಿರುತ್ತದೆ. 400 ರೂಪಾಯಿ ನಷ್ಟ. ಕೊನೆಗೆ ಊರಿನಿಂದ ಚಿಪ್ಪಿ ಸುಣ್ಣ ತರಿಸಿ, ಡ್ರಮ್ಮಿನಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ ಮೂರು ವಾರ ಬಿಟ್ಟೆ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಒಂದು ಹನಿ ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು.

ಕೆಮ್ಮಣ್ಣು ನಮ್ಮ ಮನೆಯ ಹಿತ್ತಲಿನದೇ. ನೀರಿನಲ್ಲಿ ಕಲಕಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ತೆಳು ಬಟ್ಟೆಯಲ್ಲಿ ಸೋಸಿ, ಅದು ತಂಗಿದಾಗ ಸಿಕ್ಕ ನುಣುಪು ಮಣ್ಣು. ಇದರ ಕೆಂಪು ಕಬ್ಬಿಣದ ಆಕ್ಸೈಡಿನದು, ಸುಣ್ಣ ಅದನ್ನು ತಿನ್ನುವುದಿಲ್ಲ. ಎಷ್ಟೋ ಬೇರೆ ಬಣ್ಣಗಳು ಸುಣ್ಣದ ಜೊತೆ ಬಾಳುವುದಿಲ್ಲ. ಗಾರೆಗೆ ಒಂದಿಷ್ಟು ಬೆಲ್ಲದ ನೀರನ್ನೂ ಬೆರೆಸಿದೆ, ಹಿಂದಿನವರು ಮಾಡುತ್ತಿದ್ದ ಹಾಗೆ.

ಏಪ್ರಿಲ್

ನಕ್ಷೆಯನ್ನು ಪೇಪರಿನ ಮೇಲೆ ಇದ್ದಿಲಿನಲ್ಲಿ ನಿಜ ಗಾತ್ರಕ್ಕೆ ಬರೆದು, ಗೋಡೆಗೆ ಹಚ್ಚಿ, ದಿಂಬಿನ ಮೇಲೆ ತಲೆಯಿಟ್ಟು ನೋಡಿದೆ. ಕಣ್ಣಿನಿಂದ ಗೋಡೆಗೆ 11 ಅಡಿ. ನಾನು ಅಕ್ಕರೆಯಿಂದ ಬರೆದ ಎಲೆಯ ನರಗಳೆಲ್ಲ ಬರೀ ಮಸುಕು. ಅವನ್ನು ಅಳಿಸಿದೆ, ತಾವರೆಗೆ ಹದಿನಾರರ ಬದಲು ಎಂಟೇ ದಳ, ನವಿಲಿನ ಕತ್ತು ಎರಡು ಬೆರಳು ದಪ್ಪ. ಗೋಡೆಗೆ ದೊಡ್ಡ ಚಿತ್ರವೆಂದರೆ ಚಿಕ್ಕ ಚಿತ್ರವನ್ನು ಹಿಗ್ಗಿಸುವುದಲ್ಲ, ಗೆರೆಯನ್ನೇ ಬೇರೆ ಮಾಡಬೇಕು.

ಕೆರೆಯುವ ಹೊತ್ತು ಬಹಳ ಮುಖ್ಯ. ಬೆರಳಿಟ್ಟರೆ ಅಂಟಬಾರದು, ಉಗುರಿಟ್ಟರೆ ಗುರುತು ಬೀಳಬೇಕು. ಮೊದಲ ತುಂಡಿಗೆ ಫ್ಯಾನ್ ಹಾಕಿಕೊಂಡು ಕೂತಿದ್ದೆ. ಮೇಲ್ಪದರ ಬೇಗ ಒಣಗಿ, ದಬ್ಬಳದ ಮೊನೆ ತಾಗಿದಲ್ಲೆಲ್ಲ ಅಂಚು ಚಕ್ಕೆ ಎದ್ದಿತು. ಕೆರೆದು ತೆಗೆದು ಮತ್ತೆ ಬಳಿದೆ. ಎರಡನೇ ಸಲ ಬೆಳಿಗ್ಗೆ ಐದೂವರೆಗೆ ಶುರು, ಫ್ಯಾನ್ ಇಲ್ಲ, ಕೆಲಸ ಮಾಡದ ಭಾಗಕ್ಕೆ ಒದ್ದೆ ಗೋಣಿ. ಮೊದಲು ಕೈವಾರದಿಂದ ವೃತ್ತ, ಆಮೇಲೆ ದಬ್ಬಳದಿಂದ ದಳದ ಅಂಚು, ಕೊನೆಗೆ ಮುರಿದ ಬ್ಲೇಡಿನ ಚೂರಿನಿಂದ ಒಳಗಿನ ಕೆಂಪು. ಬ್ಲೇಡನ್ನು ಓರೆಯಾಗಿ ಹಿಡಿದು ನೂಕಿದರೆ ಕೆಂಪು ಪುಡಿಯಾಗಿ ಉದುರಿ ಕೆಳಗಿನ ಬಿಳಿ ಬೆಣ್ಣೆಯ ಹಾಗೆ ಮೇಲೆ ಬರುತ್ತದೆ. ಆ ಬಿಳಿ ಕಂಡಾಗ ನಾನು ಹೆಂಡತಿಯನ್ನು ಎಬ್ಬಿಸಿ ಕರೆದೆ.

ಮೇ, ಮೊದಲ ಎರಡು ವಾರ

ತೂಗುಹಾಕುವುದು. ನಮ್ಮ ಗೋಡೆ ಚಿರೇಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಚಿರೇಕಲ್ಲಿನ ತುಂಬ ಪೊಳ್ಳು, ಡ್ರಿಲ್ಲನ್ನು ಜೋರಾಗಿ ಬಡಿಸಿದರೆ ತೂತು ಅಗಲವಾಗಿ ಪ್ಲಗ್ ಗರಗರ ತಿರುಗುತ್ತದೆ. ಮೊದಲ ತೂತಿಗೆ ಹಾಗೇ ಆಯಿತು. ಕೆಳಮನೆಯ ಕೆಲಸಕ್ಕೆ ಬಂದಿದ್ದ ಬಾದಾಮಿ ಕಡೆಯ ಮೇಸ್ತ್ರಿ ಮೇಲೆ ಬಂದು ಉದುರಿದ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. ಬೂದು ಬಣ್ಣ. "ಸಂದಿಗೆ ಹೊಡದೀರಿ ಸರ, ಕೆಂಪು ಪುಡಿ ಬರೋ ತನಕ ಜಾಗಾ ಬದಲಿ ಮಾಡ್ರಿ. ಬಡಿಯೋದು ಬ್ಯಾಡ, ಸುಮ್ನ ತಿರುಗಸ್ರಿ." ನಾಲ್ಕು ಇಂಚು ಪಕ್ಕಕ್ಕೆ ಹೋದೆ. ಬಿಟ್ಟಿನ ಸುರುಳಿಯಲ್ಲಿ ಕಡು ಕೆಂಪು ಪುಡಿ ಏರಿ ಬಂತು. ಚಿತ್ರದ ಬಣ್ಣವೂ ಇದೇ ಅಲ್ಲವೇ ಅನಿಸಿತು. 3 ಇಂಚಿನ ಸ್ಕ್ರೂ, ಉದ್ದನೆಯ ಪ್ಲಗ್ ಗಟ್ಟಿಯಾಗಿ ಕೂತವು.

ಮೊಳೆಗೆ ದಾರ ಕಟ್ಟುವ ಬದಲು ಮರದ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಉದ್ದಕ್ಕೆ ಸೀಳಿಸಿದೆ. ಒಂದರ್ಧ ಗೋಡೆಗೆ ಮೂರು ಸ್ಕ್ರೂ, ಇನ್ನರ್ಧ ಚೌಕಟ್ಟಿನ ಬೆನ್ನಿಗೆ. ಮೇಲಿನಿಂದ ಇಳಿಸಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಭಾರ ಮೂರು ಕಡೆ ಹಂಚಿಹೋಗುತ್ತದೆ, ಚಿತ್ರ ಓರೆಯಾಗುವುದಿಲ್ಲ, ಹಿಂದೆ ಮುಕ್ಕಾಲು ಇಂಚು ಗಾಳಿಯೂ ಆಡುತ್ತದೆ. ರಸಮಟ್ಟ ಇಟ್ಟು ಮೊದಲೆರಡು ತುಂಡುಗಳ ಪಟ್ಟಿಗಳನ್ನು ಒಂದೇ ಗೆರೆಗೆ ತಂದೆ.

ಎತ್ತರಕ್ಕೆ ಮಾತ್ರ ಎಲ್ಲರ ಲೆಕ್ಕ ಬಿಟ್ಟೆ. ಚಿತ್ರದ ನಡುಬಿಂದು ನೆಲದಿಂದ 57 ಇಂಚು ಎಂಬುದು ನಿಂತು ನೋಡುವವರಿಗೆ, ಗ್ಯಾಲರಿಗಳಿಗೆ. ಎರಡು ದಿಂಬು ಒರಗಿ ಮಲಗಿದವರ ನೋಟ ಸ್ವಲ್ಪ ಮೇಲಕ್ಕೆ ಏರುತ್ತದೆ. ಪೇಪರನ್ನು ಎರಡೆರಡು ಇಂಚು ಏರಿಸುತ್ತ ನೋಡಿ 64 ಇಂಚಿಗೆ ನಿಂತೆವು. ಅಡ್ಡಕ್ಕೂ ಗೋಡೆಯ ನಡುವೆ ಇಡದೆ ಮಂಚದ ನಡುಗೆರೆಗೆ ಸರಿಯಾಗಿ ಇಟ್ಟೆವು. ಕೋಣೆಯೊಳಗೆ ನಿಂತು ನೋಡುವವರಿಗೆ ಕೊಂಚ ಮೇಲೆ, ಕೊಂಚ ಪಕ್ಕಕ್ಕೆ ಅನಿಸಬಹುದು. ಪರವಾಗಿಲ್ಲ.

ಎರಡು ತುಂಡು ಗೋಡೆ ಏರಿವೆ. ಬೆಳಿಗ್ಗೆ ಆರೂಕಾಲಿಗೆ ಪೂರ್ವದ ಕಿಟಕಿಯ ಬೆಳಕು ಗೋಡೆಯನ್ನು ಸವರಿಕೊಂಡು ಬರುತ್ತದೆ. ಕೆರೆದ ಗೆರೆಗಳ ಆಳ ಒಂದೆರಡು ಎಂಎಂ ಇರಬಹುದು, ಆದರೂ ಪ್ರತಿ ದಳದ ಒಂದು ಬದಿಗೆ ಕೂದಲೆಳೆಯಷ್ಟು ನೆರಳು ಬಿದ್ದು ತಾವರೆ ಉಬ್ಬಿ ನಿಲ್ಲುತ್ತದೆ. ಏಳು ಗಂಟೆಗೆ ಆ ನೆರಳು ಇರುವುದಿಲ್ಲ. ಅಲಾರಂ ಈಗ ಆರಕ್ಕೆ ಇಟ್ಟಿದ್ದೇವೆ.

ಮೂರನೆಯದು ಹಾಲ್‌ನ ಗೋಡೆಗೆ ಒರಗಿ ನಿಂತಿದೆ, ಎರಡನೇ ನವಿಲು ಅದರಲ್ಲಿದೆ. ಒದ್ದೆ ಗೋಣಿಯನ್ನು ಇವತ್ತು ತೆಗೆದೆ. ಇನ್ನು ಹತ್ತು ದಿನ ನೆರಳಲ್ಲಿ ಗಟ್ಟಿಯಾಗಲಿ. ಮಳೆ ಹಿಡಿಯುವ ಮೊದಲು ಅದರ ಪಟ್ಟಿಗೂ ಮೂರು ಕೆಂಪು ತೂತು ಕೊರೆಯಬೇಕು.